ಕೊಳ್ಳೇಗಾಲವೆಂಬ ನುಡಿಗಟ್ಟು

ಊರುಗಳಿಗೂ ಹಣೆಬರಹವೆಂಬುದೊಂದು ಉಂಟೆಂದು ತೋರುತ್ತದೆ. ಬ್ರಹ್ಮನು ಮೈಸೂರಿನ ಹಣೆಯಲ್ಲಿ ಪಾಕನ್ನು ಬರೆದ. ಧಾರವಾಡದ ಹಣೆಯಲ್ಲಿ ಪೇಡೆಯನ್ನು ಬರೆದ. ಬ್ಯಾಡಗಿಗೆ ಮೆಣಸಿನಕಾಯಿ, ಚನ್ನಪಟ್ಟಣಕ್ಕೆ ಗೊಂಬೆ, ಇಳಕಲ್ಲಿಗೆ ಸೀರೆ, ನಮ್ಮ ನೆರೆಯ ನಂಜನಗೂಡಿಗೆ ರಸಬಾಳೆ. ಈ ಊರುಗಳ ಹೆಸರೆತ್ತಿದೊಡನೆ ಕೇಳಿದವರ ಬಾಯಲ್ಲಿ ನೀರೂರುತ್ತದೆ; ಇಲ್ಲವೆ ಮನೆಯ ಹೆಂಗಸರ ಕಣ್ಣು ಅರಳುತ್ತದೆ. ನಮ್ಮ ಸೀಮೆಯ ಸರದಿ ಬರುವ ಹೊತ್ತಿಗೆ ಬ್ರಹ್ಮನ ಬಳಿ ಸರಕು ತೀರಿಹೋಗಿತ್ತೋ ಏನೋ! ಕೊಳ್ಳೇಗಾಲದ ಹಣೆಯ ಮೇಲೆ ಒಂದು ನಿಂಬೆಹಣ್ಣನ್ನಿಟ್ಟು ಎದ್ದುಬಿಟ್ಟ.

ನಾನು ಅಜ್ಜೀಪುರದವನು. ಅದು ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ನನ್ನ ಬಾಲ್ಯದಲ್ಲಿ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಹತ್ತಿರದಲ್ಲಿ ಉಡುತೊರೆಹಳ್ಳದ ಜಲಾಶಯ, ಸುತ್ತ ರಾಗಿಯ ಹೊಲ, ಕಣ್ಣು ಹಾಯುವಷ್ಟು ದೂರ ಬೆಟ್ಟದ ಸಾಲು. ಇಂಥ ಊರಿನವನು ಹೊಟ್ಟೆಪಾಡಿಗಾಗಿ ಮೈಸೂರು ಸೇರಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದೇನೆ. ಹೊಸಬರು ಯಾರಾದರೂ "ತಮ್ಮ ಊರು?" ಎಂದು ಕೇಳಿದಾಗ "ಅಜ್ಜೀಪುರ" ಎಂದರೆ ಅವರಿಗೆ ತಿಳಿಯದು. "ಎಲ್ಲಿ ಬರುತ್ತದೆ?" ಎನ್ನುತ್ತಾರೆ. "ಕೊಳ್ಳೇಗಾಲದ ಕಡೆ" ಎಂದೆನೆಂದರೆ ತೀರಿತು; ಒಂದು ಸಣ್ಣ ನಗು ಅವರ ತುಟಿಯ ಅಂಚಿಗೆ ಬಂದು ಕುಳಿತುಕೊಳ್ಳುತ್ತದೆ. "ಹಾಗಾದರೆ ನಿಮ್ಮ ಹತ್ತಿರ ಹುಷಾರಾಗಿರಬೇಕಪ್ಪ!" ಎನ್ನುವವರು ಕೆಲವರು. ಅಂಗೈಯನ್ನು ನಿಂಬೆಹಣ್ಣು ಹಿಡಿದಂತೆ ಮಡಿಸಿ ತೋರಿಸುವವರು ಕೆಲವರು. ಇನ್ನೂ ಕೆಲವರು ನಾಲ್ಕು ದಿನ ಬಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ, "ನಿಜವಾಗಿಯೂ ಮಾಡುವವರು ಯಾರಾದರೂ ಗೊತ್ತೇನು?" ಎಂದು ಕೇಳುವುದುಂಟು. ನಕ್ಕವರಿಗಿಂತ ಇವರ ವಿಷಯದಲ್ಲಿಯೇ ನನಗೆ ಭಯ ಹೆಚ್ಚು.

ಕನ್ನಡ ನಾಡಿನ ಉದ್ದಗಲದಲ್ಲಿ ಈ ಹೆಸರಿಗೆ ಬಂದಿರುವ ಅರ್ಥ ವಾಚಕರಿಗೆ ತಿಳಿಯದ್ದೇನಲ್ಲ. ಗಂಡ ತಾಯಿಯ ಮಾತನ್ನು ಬಿಟ್ಟು ಹೆಂಡತಿಯ ಮಾತನ್ನು ಕೇಳತೊಡಗಿದರೆ, "ಅವಳೇನೋ ಕೊಳ್ಳೇಗಾಲಕ್ಕೆ ಹೋಗಿಬಂದಿರಬೇಕು." ಎದುರು ಮನೆಯವನಿಗೆ ಬಡ್ತಿ ದೊರೆತು ತನಗೆ ದೊರೆಯದಿದ್ದರೆ, "ಯಾರೋ ಕೊಳ್ಳೇಗಾಲ ಮಾಡಿಸಿದ್ದಾರೆ." ಇಲ್ಲಿ ಊರಿನ ಹೆಸರು ಊರನ್ನು ಹೇಳುತ್ತಿಲ್ಲ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅಂಕಿತನಾಮವು ಅನ್ವರ್ಥವನ್ನೂ ಬಿಟ್ಟು, ಭೂಪಟವನ್ನೂ ಬಿಟ್ಟು, ಒಂದು ನುಡಿಗಟ್ಟಾಗಿ ಕುಳಿತಿದೆ.

ನುಡಿಗಟ್ಟೆಂದರೆ ಹೀಗೆಯೇ. ಬಿಡಿ ಮಾತುಗಳ ಅರ್ಥವನ್ನು ಕೂಡಿಸಿದರೆ ಇಡಿಯ ಅರ್ಥ ದೊರೆಯುವುದಿಲ್ಲ. ಒಂದು ಆಸೆಗೆ 'ಎಳ್ಳುನೀರು ಬಿಟ್ಟೆ' ಎನ್ನುವವನ ಕೈಯಲ್ಲಿ ಎಳ್ಳೂ ಇರುವುದಿಲ್ಲ, ನೀರೂ ಇರುವುದಿಲ್ಲ. ಆದರೆ ಗತಿಸಿದವರಿಗೆ ತಿಲತರ್ಪಣ ಕೊಡುವ ಮನೆಯ ಹಿರಿಯನ ಚಿತ್ರ ಆ ಮಾತಿನ ಹಿಂದೆ ನಿಂತಿದೆ. 'ಹಾಸುಹೊಕ್ಕಾಗಿದೆ' ಎಂದು ಭಾಷಣದಲ್ಲಿ ಹೇಳುವವರಲ್ಲಿ ಮಗ್ಗವನ್ನು ಹತ್ತಿರದಿಂದ ಕಂಡವರು ಎಷ್ಟು ಜನ? ನೇಯುವಾಗ ಉದ್ದಕ್ಕೆ ಹಾಸಿದ ಎಳೆ ಹಾಸು. ಅಡ್ಡಲಾಗಿ ಲಾಳಿ ಹೊಕ್ಕು ತರುವ ಎಳೆ ಹೊಕ್ಕು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಂದು ಗಳಿಗೆ ನಿಂತರೆ ಈ ಮಾತಿನ ಅರ್ಥ ನಿಘಂಟಿಲ್ಲದೆ ತಿಳಿಯುತ್ತದೆ. ಸರಕಾರಿ ನೌಕರರನ್ನು ಕಂಡಕಂಡಲ್ಲಿಗೆ ವರ್ಗ ಮಾಡಿದರೆ ಅದು 'ಎತ್ತಂಗಡಿ'. ಸಂತೆಯಿಂದ ಸಂತೆಗೆ ಎತ್ತಿಕೊಂಡು ಹೋಗುವ ಅಂಗಡಿಯ ಹಾಗೆ. ಸುಳ್ಳಿನ ಹಿಂದೆ ಸುಳ್ಳನ್ನು ಡಬ್ಬಿಯಂತೆ ಜೋಡಿಸುವವನನ್ನು 'ರೈಲು ಬಿಡುತ್ತಾನೆ' ಎನ್ನುತ್ತೇವೆ. ವಿನೋದವೆಂದರೆ ಕೊಳ್ಳೇಗಾಲದಲ್ಲಾಗಲಿ ಹನೂರಿನಲ್ಲಾಗಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಆದರೂ ನಮ್ಮೂರಿನ ಅರಳಿಕಟ್ಟೆಯಿಂದ ಹೊರಟ ರೈಲುಗಳಿಗೆ ಲೆಕ್ಕವೇ ಇಲ್ಲ.

ಹೀಗೆ ನುಡಿಗಟ್ಟುಗಳ ಮೂಲವನ್ನು ಹುಡುಕುವುದು ಸೊಗಸಾದ ಹವ್ಯಾಸ. ಆದರೆ ಆ ಸೊಗಸು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. 'ಚಳ್ಳೆಹಣ್ಣು ತಿನ್ನಿಸುವುದು' ಎಂಬ ಮಾತನ್ನೇ ನೋಡಿ. ಕಣ್ಣೆದುರಿನಿಂದ ಉಪಾಯವಾಗಿ ಜಾರಿಕೊಳ್ಳುವುದು ಎಂದು ಅದರ ಅರ್ಥ. ಚಳ್ಳೆಯ ಹಣ್ಣಿನೊಳಗೆ ಬರೀ ಅಂಟು ಲೋಳೆ. ನಮ್ಮ ಕಡೆ ಹುಡುಗರು ಅದನ್ನು ಹಿಸುಕಿ ಗಾಳಿಪಟದ ಕಾಗದವನ್ನು ಅಂಟಿಸುತ್ತಿದ್ದರು. ಅಂಥ ಹಣ್ಣನ್ನು ಬಾಯಿಗೆ ಹಾಕಿಕೊಂಡವನು ಹಲ್ಲು ತುಟಿಗಳನ್ನು ಬಿಡಿಸಿಕೊಳ್ಳುವುದರೊಳಗೆ, ತಿನ್ನಿಸಿದವನು ಊರ ಗಡಿ ದಾಟಿರುತ್ತಾನೆ. ಎಷ್ಟು ಚೆಂದದ ಮಾತು! ಕಾಡುಗಳ್ಳ ವೀರಪ್ಪನ್ ನಮ್ಮ ಬೆಟ್ಟಗಳಲ್ಲಿ ಅಡಗಿದ್ದ ವರ್ಷಗಳಲ್ಲಿ 'ಪೊಲೀಸರಿಗೆ ಚಳ್ಳೆಹಣ್ಣು' ಎಂಬ ದಪ್ಪಕ್ಷರದ ಸಾಲು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ನಗರದ ಓದುಗರು ಅದನ್ನು ಕಾಫಿಯ ಜೊತೆಗೆ ಓದಿ ಮುಗುಳ್ನಕ್ಕಿರಬಹುದು. ಆದರೆ ನಮಗೆ ದೂರವಲ್ಲದ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ೧೯೯೨ರಲ್ಲಿ ಆತನ ತಂಡ ದಾಳಿ ಮಾಡಿದಾಗ ಐವರು ಪೊಲೀಸರು ಸತ್ತರು. ಅದೇ ವರ್ಷದ ಆಗಸ್ಟಿನಲ್ಲಿ ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರೂ ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಅವರೂ ಹತರಾದರು. ನಾನಾಗ ತೊಟ್ಟಿಲ ಕೂಸು. ಬೆಳೆದು ಪತ್ರಿಕೆ ಓದುವ ವಯಸ್ಸಿಗೆ ಬಂದಾಗಲೂ ಆತ ಕಾಡಿನಲ್ಲಿಯೇ ಇದ್ದ. ಸತ್ತದ್ದು ೨೦೦೪ರ ಅಕ್ಟೋಬರಿನಲ್ಲಿ. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ನಮ್ಮ ಊರಿನ ಚಹದ ಅಂಗಡಿಯಲ್ಲಿ ಆ 'ಚಳ್ಳೆಹಣ್ಣಿನ' ಸಾಲನ್ನು ಗಟ್ಟಿಯಾಗಿ ಓದಿದರೆ ಯಾರೂ ನಗುತ್ತಿರಲಿಲ್ಲ. ಪತ್ರಿಕೆಯನ್ನು ಮಡಿಸಿ ಪಕ್ಕಕ್ಕೆ ಇಡುತ್ತಿದ್ದರು. ದೂರದವರಿಗೆ ವಿನೋದವಾದ ಮಾತು ಹತ್ತಿರದವರಿಗೆ ಹಾಗಿರಬೇಕೆಂಬ ನಿಯಮವಿಲ್ಲ.

ಈ ವಿಚಾರವನ್ನು ನಾನು ಮತ್ತೆ ಮನಸ್ಸಿಗೆ ತಂದುಕೊಳ್ಳುವಂತೆ ಮಾಡಿದವಳು ಒಬ್ಬ ವಿದ್ಯಾರ್ಥಿನಿ. ಅವಳೂ ಅಜ್ಜೀಪುರದವಳೇ. ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ತರಗತಿಯ ಪರಿಚಯಪಟ್ಟಿಯನ್ನು ಬರೆದುಕೊಳ್ಳುತ್ತಿದ್ದಾಗ ಅವಳು ಎದ್ದುನಿಂತು, "ಹನೂರು ಅಂತ ಬರಕೊಳ್ಳಿ ಸಾರ್" ಎಂದಳು.

"ಹನೂರೇ ಊರೇನಮ್ಮ?"

"ಅಜ್ಜೀಪುರ ಸಾರ್. ಆದರೆ ಹನೂರು ಅಂತಾನೇ ಇರಲಿ. ಕೊಳ್ಳೇಗಾಲ ಅಂತ ಮಾತ್ರ ಬೇಡಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹನೂರು ಪ್ರತ್ಯೇಕ ತಾಲ್ಲೂಕಾಗುವುದೆಂದು ೨೦೧೭ರ ಮುಂಗಡಪತ್ರದಲ್ಲಿ ಘೋಷಿಸಿದಾಗ ನಮ್ಮವರು ಅದರ ಲಾಭಗಳನ್ನು ಎಣಿಸಿದ್ದರು: ಕಚೇರಿ ಹತ್ತಿರವಾಗುತ್ತದೆ, ಪಹಣಿಗಾಗಿ ಅಲೆಯುವುದು ತಪ್ಪುತ್ತದೆ, ಇತ್ಯಾದಿ. ಹೆಣ್ಣುಮಗಳೊಬ್ಬಳಿಗೆ ತನ್ನ ಊರನ್ನು ಹೇಳಿಕೊಳ್ಳಲು ಇನ್ನೊಂದು ಹೆಸರು ಸಿಕ್ಕುವುದೂ ಒಂದು ಲಾಭವೆಂದು ಯಾರೂ ಎಣಿಸಿರಲಿಲ್ಲ.

ಅದಾದ ಕೆಲವು ತಿಂಗಳ ಮೇಲೆ ಅವಳು ಅಧ್ಯಾಪಕರ ಕೋಣೆಗೆ ಬಂದಳು. ಕೈಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಅಚ್ಚಾದ ಇಂಗ್ಲಿಷ್ ಪುಸ್ತಕ. ಅದರ ತುಂಬ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ. ಎಡಕ್ಕೆ ಮಾತು, ಬಲಕ್ಕೆ ಅರ್ಥ. ನಮ್ಮ ಮಕ್ಕಳು ಅದನ್ನು ಹಿಂದಿನವರು ಮಗ್ಗಿ ಉರುಹೊಡೆದಂತೆ ಉರುಹೊಡೆಯುತ್ತಾರೆ. ಇಂಗ್ಲಿಷ್ ಮೇಷ್ಟರನ್ನು ಬಿಟ್ಟು ಕನ್ನಡ ಮೇಷ್ಟರಲ್ಲಿಗೆ ಬಂದುದೇಕೆಂದು ನಾನು ಕೇಳಲಿಲ್ಲ. ಒಂದೇ ಊರಿನವರಿಗೆ ಅಷ್ಟು ಸಲಿಗೆ ಇರುತ್ತದೆ.

"ಸಾರ್, 'ಸೆಂಡ್ ಟು ಕೋವೆಂಟ್ರಿ' ಅಂತ ಇದೆ. ಯಾರನ್ನಾದರೂ ಕೋವೆಂಟ್ರಿಗೆ ಕಳಿಸೋದು. ಎಲ್ಲರೂ ಸೇರಿ ಒಬ್ಬರನ್ನು ಮಾತಾಡಿಸದೆ ದೂರ ಇಡೋದು ಅಂತ ಅರ್ಥ ಕೊಟ್ಟಿದ್ದಾರೆ. ಅರ್ಥ ನನಗೆ ಚೆನ್ನಾಗಿ ಗೊತ್ತು ಸಾರ್. ಮೂಲ ಏನು ಅಂತ ಹೇಳಿ."

ಕೋವೆಂಟ್ರಿ ಇಂಗ್ಲೆಂಡಿನ ಒಂದು ಪಟ್ಟಣ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಾಗ ಆ ಪಟ್ಟಣ ಪಾರ್ಲಿಮೆಂಟಿನ ಪಕ್ಷದಲ್ಲಿತ್ತು. ಸೆರೆಸಿಕ್ಕ ರಾಜಪಕ್ಷದ ಸೈನಿಕರನ್ನು ಅಲ್ಲಿಗೆ ಕಳುಹಿಸಿದಾಗ ಊರಿನವರು ಅವರೊಡನೆ ಮಾತನ್ನೇ ಆಡಲಿಲ್ಲವೆಂದು ವಾಡಿಕೆಯ ವಿವರಣೆ. ಅಷ್ಟನ್ನು ಹೇಳಿದ ಮೇಲೆ, ಊರಿನ ಹೆಸರು ಮಾತಾಗಿರುವ ಇನ್ನೂ ಕೆಲವು ಉದಾಹರಣೆಗಳನ್ನು ಅವಳಿಗೆ ಕೊಟ್ಟೆ. ಮೇಷ್ಟರಿಗೆ ಒಂದು ಕೇಳಿದರೆ ನಾಲ್ಕು ಹೇಳುವ ರೋಗವಿರುವುದು ಸರ್ವವಿದಿತ.

ಲಂಡನ್ನಿನಲ್ಲಿ ೧೨೪೭ರಲ್ಲಿ ಸ್ಥಾಪಿತವಾದ ಬೆತ್ಲೆಮ್ ಎಂಬ ಮಠವೊಂದು ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಆ ಹೆಸರು ಸವೆದು 'ಬೆಡ್ಲಂ' ಆಯಿತು. ಕಾಸು ಕೊಟ್ಟು ರೋಗಿಗಳನ್ನು ನೋಡಿ ನಗಲು ಹೋಗುತ್ತಿದ್ದ ಕಾಲವೂ ಇತ್ತು. ಇಂದು ಗದ್ದಲಗೊಂದಲಗಳಿಗೆಲ್ಲ ಇಂಗ್ಲಿಷಿನಲ್ಲಿ ಅದೇ ಮಾತು. ಚೀನಾದ ಷಾಂಘೈ ಬಂದರಿನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ, ಮನುಷ್ಯನನ್ನು ಮೋಸದಿಂದಲೋ ಬಲವಂತದಿಂದಲೋ ಹಡಗಿನ ಕೆಲಸಕ್ಕೆ ಹೊತ್ತೊಯ್ಯುವುದು ಎಂಬ ಅರ್ಥವನ್ನು ಪಡೆಯಿತು. ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು 'ಡೂಲ್ಯಾಲಿ'. ಇಂಗ್ಲಿಷಿನ ಆಡುನುಡಿಯಲ್ಲಿ ಹಾಗೆಂದರೆ ಬುದ್ಧಿ ಕೆಟ್ಟವನು. ಅದು ಮತ್ತಾವುದೂ ಅಲ್ಲ, ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿ! ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ಸೈನಿಕ ಶಿಬಿರವಿತ್ತು. ಸೇವೆಯ ಅವಧಿ ಮುಗಿದ ಬಿಳಿಯ ಸಿಪಾಯಿಗಳು ಸ್ವದೇಶಕ್ಕೆ ಹೋಗುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಮಾಡಲು ಕೆಲಸವಿಲ್ಲ, ತಲೆಯ ಮೇಲೆ ಬಿಸಿಲು, ಮೈಗೆ ಜ್ವರ. ಕೆಲವರ ಬುದ್ಧಿ ಕದಡಿತು. 'ದೇವಳಾಲಿ ತಾಪ' ಎಂಬ ಮಾತು ಸಿಪಾಯಿಗಳ ಬಾಯಲ್ಲಿ ಹುಟ್ಟಿ, ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ದೇವಳಾಲಿಯಲ್ಲಿ ಹುಟ್ಟಿ ಬೆಳೆದ ಮರಾಠಿ ಸಂಸಾರಗಳಿಗೆ ತಮ್ಮ ಊರು ಲಂಡನ್ನಿನ ಬೀದಿಯಲ್ಲಿ ಹುಚ್ಚಿನ ಇನ್ನೊಂದು ಹೆಸರಾಗಿದೆಯೆಂಬ ಕನಸಾದರೂ ಬಿದ್ದೀತೆ?

ಅವಳು ಎಲ್ಲವನ್ನೂ ಬರೆದುಕೊಂಡಳು. ಪುಸ್ತಕವನ್ನು ಮುಚ್ಚುತ್ತ, "ಕೊಳ್ಳೇಗಾಲದವರನ್ನು ಕೋವೆಂಟ್ರಿಗೆ ಕಳಿಸಿದರೆ ಏನನ್ನಬೇಕು ಸಾರ್?" ಎಂದಳು. ಆಮೇಲೆ ಅವಳ ಕಥೆ ಹೊರಬಂತು.

ಅವಳು ಇದ್ದುದು ಒಂದು ವಿದ್ಯಾರ್ಥಿನಿಲಯದಲ್ಲಿ. ಕೋಣೆಗೆ ನಾಲ್ವರು ಹುಡುಗಿಯರು. ದಸರಾ ರಜೆಗೆ ಊರಿಗೆ ಹೋದವಳು ಹಿಂದಿರುಗುವಾಗ ತಾಯಿ ಒಂದು ಬಾಟಲಿಯ ತುಂಬ ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. "ನಾಲ್ಕೂ ಜನ ತಿನ್ನಿ" ಎಂದು ಹೇಳಿಕೊಟ್ಟಿದ್ದರು. ಬಾಟಲಿಯ ಮುಚ್ಚಳ ತೆಗೆದೊಡನೆ ಒಬ್ಬಳು, "ಅಯ್ಯಯ್ಯೋ, ಕೊಳ್ಳೇಗಾಲದ ನಿಂಬೆಹಣ್ಣು ಕಣ್ರೇ! ತಿಂದರೆ ನಾಳೆಯಿಂದ ಅವಳು ಹೇಳಿದ ಹಾಗೆ ಕುಣೀಬೇಕು" ಎಂದಳಂತೆ. ಎಲ್ಲರೂ ನಕ್ಕರು, ಇವಳೂ ನಕ್ಕಳು. ಆದರೆ ಆ ಬಾಟಲಿಗೆ ಯಾರೂ ಚಮಚ ಹಾಕಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವರಲ್ಲಿ ಒಬ್ಬಳಿಗೆ ಜ್ವರ ಬಂತು. ರಕ್ತಪರೀಕ್ಷೆ ಮಾಡಿಸಿದಾಗ ವಿಷಮಶೀತಜ್ವರವೆಂದು ತಿಳಿಯಿತು. ಮಗಳನ್ನು ಕರೆದೊಯ್ಯಲು ಬಂದ ತಾಯಿ ಮಂಚದ ಕೆಳಗಿನ ಬಾಟಲಿಯನ್ನು ನೋಡಿದರು, ಇವಳ ಮುಖವನ್ನು ನೋಡಿದರು, "ನಿನ್ನ ಊರು ಯಾವುದಮ್ಮ?" ಎಂದು ಕೇಳಿದರು. ಗುಣವಾಗಿ ಹಿಂದಿರುಗಿದ ಹುಡುಗಿ ಬೇರೆ ಕೋಣೆಗೆ ಹೋದಳು. ಉಳಿದಿಬ್ಬರು ಊಟದ ಹೊತ್ತಿಗೆ ಒಟ್ಟಿಗೆ ಎದ್ದು ಹೋಗತೊಡಗಿದರು. ಯಾರೂ ಕೆಟ್ಟ ಮಾತನ್ನಾಡಲಿಲ್ಲ. ಆಡಿದ್ದರೆ ಉತ್ತರವನ್ನಾದರೂ ಕೊಡಬಹುದಾಗಿತ್ತು.

"ಅವರಿಗೆ ನಂಬಿಕೆ ಇಲ್ಲ ಸಾರ್, ಕೇಳಿದರೆ ತಮಾಷೆಗೆ ಅಂತಾರೆ" ಎಂದಳು ಹುಡುಗಿ. "ಆದರೆ ತಿನ್ನಲ್ಲ."

ಈ ಒಂದು ಮಾತಿನಲ್ಲಿ ಅವಳು ಆಡುನುಡಿಯ ಗುಟ್ಟನ್ನೆಲ್ಲ ಹೇಳಿಬಿಟ್ಟಿದ್ದಳು. ತಮಾಷೆಯೆಂದುಕೊಂಡು ಆಡುವ ಮಾತಿನ ಅಡಿಯಲ್ಲಿ ತಮಾಷೆಯಲ್ಲದ ಏನೋ ಒಂದು ತಣ್ಣಗೆ ಕುಳಿತಿರುತ್ತದೆ. ನಂಬುವುದಿಲ್ಲವೆನ್ನುವವನ ಕೈಯನ್ನೂ ಅದು ತಡೆಯುತ್ತದೆ.

ಕೋವೆಂಟ್ರಿಯ ಮೂಲವನ್ನು ಹೇಳಿದವನು ಕೊಳ್ಳೇಗಾಲದ ಮೂಲವನ್ನು ಹೇಳದಿರುವುದು ನ್ಯಾಯವಲ್ಲ. ಆ ಸಂಜೆ ಅವಳಿಗೆ ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇನೆ.

ಮಾಟಮಂತ್ರಗಳ ಊರು ಯಾವಾಗಲೂ ಹೊಳೆಯ ಆಚೆ ದಡದಲ್ಲಿರುತ್ತದೆ. ಇದು ಲೋಕದ ನಿಯಮವೆಂದೇ ಹೇಳಬಹುದು. ಪ್ರಾಚೀನ ಗ್ರೀಕರು ಮಾಟಗಾತಿಯರೆಲ್ಲ ಉತ್ತರದ ಥೆಸ್ಸಲಿಯಲ್ಲಿದ್ದಾರೆ, ಅವರು ಚಂದ್ರನನ್ನೇ ಕೆಳಗಿಳಿಸಬಲ್ಲರು ಎನ್ನುತ್ತಿದ್ದರು. ಯೂರೋಪಿನ ನಾವಿಕರು ಫಿನ್‌ಲೆಂಡಿನವರತ್ತ ಕೈತೋರಿಸಿ, ಅವರು ಗಾಳಿಯನ್ನು ಹಗ್ಗದ ಗಂಟಿನಲ್ಲಿ ಕಟ್ಟಿ ಮಾರುತ್ತಾರೆ ಎನ್ನುತ್ತಿದ್ದರು. ಉತ್ತರ ಭಾರತದವರಿಗೆ ಕಾಮರೂಪ. ಮಂತ್ರದ ಊರು ಕೈಗೆ ಸುಲಭವಾಗಿ ಸಿಕ್ಕುವಷ್ಟು ಹತ್ತಿರವಿರಬಾರದು. ಹೋಗಿಬರಲಾಗದಷ್ಟು ದೂರವೂ ಇರಬಾರದು. ನಡುವೆ ಒಂದು ಗಡಿ, ಒಂದು ಕಾಡು, ಒಂದು ಹೊಳೆ ಇರಬೇಕು.

ಕೊಳ್ಳೇಗಾಲಕ್ಕೆ ಈ ಮೂರೂ ಇದ್ದುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ಇಂಗ್ಲಿಷರ ಕಂಪನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದೊಳಗಿನ ದಿವಾನ್ ಪೂರ್ಣಯ್ಯನವರ ಜಹಗೀರು. ಅಲ್ಲಿಂದ ಕೆಲವೇ ಮೈಲಿಯಾಚೆಗಿನ ಕೊಳ್ಳೇಗಾಲ ಮದರಾಸು ಪ್ರಾಂತ್ಯ. ಆಡುವ ಭಾಷೆ ಒಂದೇ, ಪೂಜಿಸುವ ದೇವರು ಒಂದೇ, ಆಳುವ ಸರಕಾರ ಮಾತ್ರ ಬೇರೆ. ೧೯೫೬ರ ನವೆಂಬರ್ ಒಂದರವರೆಗೆ ಹೀಗೆಯೇ ನಡೆಯಿತು. ಒಂದೂವರೆ ಶತಮಾನಕ್ಕೂ ಮಿಕ್ಕು ಮೈಸೂರಿನವರಿಗೆ ಇದು ತಮ್ಮದಾಗಿಯೂ ತಮ್ಮದಲ್ಲದ ನೆಲ. ಮಳವಳ್ಳಿಯ ಕಡೆಯಿಂದ ಬರುವವರಿಗೆ ನಡುವೆ ಕಾವೇರಿ. ದಾಟಿದರೆ ಮುಂದೆ ಆನೆ ಹುಲಿಗಳ ಕಾಡು, ಚಳಿಜ್ವರದ ಹೆದರಿಕೆ, ಗಿಡಮೂಲಿಕೆಯನ್ನು ಬಲ್ಲ ಸೋಲಿಗರು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಬೇರು ತೇಯ್ದು ಕೊಡುವವನೇ ವೈದ್ಯ. ತಾಯತ ಕಟ್ಟಿ ಧೈರ್ಯ ಹೇಳುವವನೂ ಅವನೇ. ಇದರ ಮೇಲೆ ನಮ್ಮ ಸೀಮೆಯ ಮಹಾಕಥನಗಳು. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಥೆಯನ್ನೂ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಸಿದ್ದಪ್ಪಾಜಿಯರ ಕಥೆಯನ್ನೂ ರಾತ್ರಿಯಿಡೀ ಹಾಡುತ್ತಾರೆ. ಅವುಗಳಲ್ಲಿ ಹೆಜ್ಜೆಗೊಂದು ಪವಾಡ. ಬಡವರ ಪಾಲಿಗೆ ಆ ಪವಾಡಗಳು ಅಹಂಕಾರಿಗಳನ್ನು ಮಣಿಸಿದ ಕಥೆಗಳು. ಹೊಳೆಯ ಆಚೆಯಿಂದ ಅರ್ಧಂಬರ್ಧ ಕೇಳಿಸಿಕೊಂಡವರಿಗೆ ಅವು ಮಾಟದ ಸುದ್ದಿಯಾಗಿ ಕೇಳಿಸಿರಬೇಕು.

ನಮ್ಮ ಅಜ್ಜಿಯನ್ನು ನಾನು ಒಮ್ಮೆ ಕೇಳಿದ್ದುಂಟು: "ಅಜ್ಜಿ, ನಮ್ಮ ಕಡೆ ಮಾಟ ಮಾಡುವವರು ಬಹಳವಂತಲ್ಲ, ಹೌದೆ?" ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ನಮ್ ತಾವ ಅದೆಲ್ಲ ಎಲ್ಲಿದ್ದದು ಕೂಸು? ಅದೆಲ್ಲ ಆ ಮಲೆಯಾಳದೋರ ಕಸುಬು" ಎಂದು ಪಶ್ಚಿಮದ ಬೆಟ್ಟಗಳತ್ತ ಗಲ್ಲವೆತ್ತಿ ತೋರಿಸಿದಳು. ಬೆಂಗಳೂರಿನವರ ಬೆರಳು ಕೊಳ್ಳೇಗಾಲದತ್ತ, ಕೊಳ್ಳೇಗಾಲದವರ ಬೆರಳು ಮಲೆಯಾಳದತ್ತ! ಮಲೆಯಾಳದ ಅಜ್ಜಿ ಯಾರತ್ತ ಬೆರಳು ತೋರಿಸುತ್ತಾಳೋ!

ಹಾಗೆಂದು ನಮ್ಮ ಸೀಮೆಯಲ್ಲಿ ತಾಯತದ ಅಂಗಡಿಯೇ ಇಲ್ಲವೆಂದು ಹೇಳಿದರೆ ನಾನೂ ರೈಲು ಬಿಟ್ಟಂತಾಗುತ್ತದೆ. ಇದೆ. ಆದರೆ ಗಿರಾಕಿಗಳು ಯಾರು? ನಗರಗಳ ಬಸ್ಸಿನ ಬೆನ್ನಿಗೂ ಗೋಡೆಗಳಿಗೂ ಅಂಟಿಸಿದ 'ಕೊಳ್ಳೇಗಾಲದ ಪ್ರಖ್ಯಾತ' ಎಂದು ಮೊದಲಾಗುವ ಜಾಹೀರಾತುಗಳನ್ನು ಓದುವವರು ಅಜ್ಜೀಪುರದ ರೈತರಲ್ಲ. ಮೊದಲು ಮಾತು ಹುಟ್ಟಿತು. ಮಾತನ್ನು ನಂಬಿ ಗಿರಾಕಿ ಬಂದ. ಗಿರಾಕಿ ಬಂದುದನ್ನು ಕಂಡು ಅಂಗಡಿ ತೆರೆಯಿತು. ಅಂಗಡಿಯನ್ನು ಕಂಡವರು "ನೋಡಿ, ಮಾತು ನಿಜ" ಎಂದರು. ಇನ್ನು ನಿಂಬೆಹಣ್ಣಿನ ವಿಚಾರವನ್ನೇ ಹಿಡಿದರೆ, ಹೊಸ ಕಾರಿನ ನಾಲ್ಕು ಚಕ್ರಗಳ ಅಡಿ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು ಮುಂದಕ್ಕೆ ಚಲಿಸುವ ದೃಶ್ಯವನ್ನು ನಾನು ಕಂಡಿರುವುದು ಬೆಂಗಳೂರಿನ ವಿದ್ಯಾವಂತರ ಬಡಾವಣೆಗಳಲ್ಲಿ. ರಾಜ್ಯದ ಶಾಸನಸಭೆ ೨೦೧೭ರಲ್ಲಿ ವಾಮಾಚಾರ ಮೊದಲಾದ ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನನ್ನು ಅಂಗೀಕರಿಸಿತು. ಅದು ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ, ಒಂದು ತಾಲ್ಲೂಕಿಗಲ್ಲ.

ನಮ್ಮ ಸೀಮೆಯ ಅಂಚಿನಲ್ಲಿ ನಿಜವಾಗಿ ನಡೆದ ಒಂದು ಚಮತ್ಕಾರವನ್ನು ಹೇಳಬೇಕೆಂದರೆ, ೧೯೦೨ರಲ್ಲಿ ಶಿವನಸಮುದ್ರದ ಬಳಿ ಧುಮುಕುವ ಕಾವೇರಿ ವಿದ್ಯುತ್ತಾಗಿ ತಂತಿಯ ಮೇಲೆ ನಡೆದು ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದುದನ್ನು ಹೇಳಬಹುದು. ಅದಕ್ಕೆ ನಿಂಬೆಹಣ್ಣು ಬೇಕಾಗಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗಿಯ ಮುಖ ಸ್ವಲ್ಪ ತಿಳಿಯಾಯಿತು. "ಹಾಗಾದರೆ ಈ ಮಾತನ್ನು ಹೋಗಲಾಡಿಸೋದು ಹೇಗೆ ಸಾರ್?" ಎಂದು ಕೇಳಿದಳು.

ಆಡುನುಡಿಯನ್ನು ಆಜ್ಞೆಯಿಂದ ಅಳಿಸಿದ ಸರಕಾರವನ್ನು ನಾನು ಚರಿತ್ರೆಯಲ್ಲಿ ಕಂಡಿಲ್ಲ. ನಿಘಂಟಿನಿಂದ ತೆಗೆದುಹಾಕಿದರೂ ಅದು ಬಾಯಲ್ಲಿ ಉಳಿಯುತ್ತದೆ. ಆದರೆ ಮಾತಿಗೆ ಇನ್ನೊಂದು ಗುಣವೂ ಉಂಟು: ಅದರಲ್ಲಿ ಹೊಸ ಅರ್ಥಕ್ಕೆ ಯಾವಾಗಲೂ ಜಾಗವಿರುತ್ತದೆ. ಲಂಡನ್ನಿನ ಆ ಬೆತ್ಲೆಮ್ ಆಸ್ಪತ್ರೆ ಇಂದಿಗೂ ಇದೆ. ಜಾಗ ಬದಲಾಗಿದೆ, ನಗಲು ಬರುವವರಿಗೆ ಬಾಗಿಲು ಮುಚ್ಚಿದೆ, ರೋಗಿಗಳು ಚಿಕಿತ್ಸೆ ಪಡೆಯುತ್ತಿದ್ದಾರೆ. 'ಬೆಡ್ಲಂ' ಎನ್ನುವವರಲ್ಲಿ ಆ ಆಸ್ಪತ್ರೆಯನ್ನು ನೆನೆಯುವವರು ವಿರಳ. ನಮ್ಮ ಮಾದಪ್ಪನ ಪರಿಷೆಯ 'ಉಘೇ' ಎಂಬ ಜಯಘೋಷವನ್ನೇ ನೋಡಬಹುದು. ಬೆಟ್ಟದ ದಾರಿಯಲ್ಲಿ ಬರಿಗಾಲ ಭಕ್ತರು ಕೂಗುತ್ತಿದ್ದ ಮಾತು ಇಂದು ನಾಡಿನ ಪತ್ರಿಕೆಗಳಲ್ಲಿ ಮೆಚ್ಚುಗೆಯ ಮಾತಾಗಿದೆ. ಪ್ರೇಕ್ಷಕರು ನಾಟಕಕ್ಕೆ 'ಉಘೇ' ಎನ್ನುತ್ತಾರೆ, ಓದುಗರು ಕಾದಂಬರಿಗೆ 'ಉಘೇ' ಎನ್ನುತ್ತಾರೆ. ಕೊಳ್ಳೇಗಾಲದ ಸೀಮೆಯಿಂದ ಹೊರಟ ಮಾತುಗಳೆಲ್ಲ ಅಪಶಕುನದವಾಗಬೇಕಿಲ್ಲ.

ಅವಳು ಮತ್ತೆ ಪುಸ್ತಕ ತೆರೆದು ಬೆರಳಿಟ್ಟಳು. ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಹೊರುವುದು ಎಂಬ ನುಡಿಗಟ್ಟು. ಆ ಪಟ್ಟಣವೇ ಕಲ್ಲಿದ್ದಲ ವ್ಯಾಪಾರದ ಕೇಂದ್ರವಾಗಿತ್ತು. ಅಲ್ಲಿಗೆ ಕಲ್ಲಿದ್ದಲನ್ನು ಹೊತ್ತು ಮಾರಲು ಹೋಗುವವನು ಎಂಥ ಜಾಣ! ಅದನ್ನು ವಿವರಿಸುತ್ತಿದ್ದಂತೆಯೇ ಅವಳು ತಡೆದು, "ಸಾರ್, ಹಾಗಾದರೆ ನಾವು 'ಕೊಳ್ಳೇಗಾಲಕ್ಕೆ ರೇಷ್ಮೆ ಹೊತ್ತ ಹಾಗೆ' ಅನ್ನಬಹುದಲ್ಲ?" ಎಂದಳು. ನನಗೆ ಆ ಕ್ಷಣ ಆದ ಸಂತೋಷವನ್ನು ಹೇಗೆ ಹೇಳಲಿ? ಪಂಡಿತರು ನುಡಿಗಟ್ಟುಗಳನ್ನು ಸಂಗ್ರಹಿಸುತ್ತಾರೆ, ಹುಟ್ಟಿಸುವವರು ಇಂಥವರು.

ಮುಂದಿನ ಸಲ ಊರಿನಿಂದ ಬಂದ ಉಪ್ಪಿನಕಾಯಿಯ ಬಾಟಲಿ ನೇರವಾಗಿ ಅಧ್ಯಾಪಕರ ಕೋಣೆಗೆ ಬಂತು. ಮೂರೇ ದಿನಗಳಲ್ಲಿ ಅದು ಬರಿದಾಯಿತು. ಗಣಿತದ ಮೇಷ್ಟರು ಬಾಟಲಿಯ ತಳಕ್ಕೆ ಬೆರಳು ಹಾಕಿ ನೆಕ್ಕಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಯಾರೂ ಯಾರಿಗೂ ವಶವಾಗಲಿಲ್ಲ. ನಾನು ನನ್ನ ಮನೆಯವರ ವಶದಲ್ಲಿರುವುದು ನಿಜ. ಅದಕ್ಕೆ ಕಾರಣಗಳು ಬೇರೆ, ಮತ್ತು ಅವು ಉಪ್ಪಿನಕಾಯಿಗಿಂತ ಹಳೆಯವು. ಹುಡುಗಿಯ ಕೋಣೆಯಲ್ಲಿ ಉಳಿದಿದ್ದ ಇಬ್ಬರಲ್ಲಿ ಒಬ್ಬಳು ಈಚೆಗೆ ಅವಳೊಡನೆ ಊಟಕ್ಕೆ ಹೋಗುತ್ತಿದ್ದಾಳೆ. ಇನ್ನೊಬ್ಬಳು ಇನ್ನೂ ಇಲ್ಲ.

ವರ್ಷದ ಕೊನೆಯಲ್ಲಿ ನನ್ನ ತರಗತಿಯ ಮಕ್ಕಳಿಗೆ, ತಮ್ಮ ತಮ್ಮ ಊರಿನ ಇಪ್ಪತ್ತು ಮಾತುಗಳನ್ನು ಅರ್ಥಸಹಿತ ಬರೆದು ತರುವಂತೆ ಹೇಳಿದ್ದೆ. ಅವಳ ಪಟ್ಟಿಯಲ್ಲಿ 'ಎತ್ತಂಗಡಿ' ಇತ್ತು, 'ಚಳ್ಳೆಹಣ್ಣು' ಇತ್ತು. ಹದಿನೆಂಟನೆಯದಾಗಿ, ದುಂಡಗಿನ ಅಕ್ಷರಗಳಲ್ಲಿ 'ಕೊಳ್ಳೇಗಾಲ' ಎಂದು ಬರೆದು, ಅದರ ಮುಂದೆ ಮೂರು ಅರ್ಥಗಳನ್ನು ಕೊಟ್ಟಿದ್ದಳು: ಒಂದು, ರೇಷ್ಮೆಯ ಊರು. ಎರಡು, ಹೊರಗಿನವರ ಬಾಯಲ್ಲಿ, ಮಾಟ. ಮೂರು, ಅಮ್ಮನ ಹತ್ತಿರ ಹೋಗುವಾಗ ಬಸ್ಸು ಬದಲಾಯಿಸುವ ಸ್ಥಳ.